ರಕ್ತನಾಳ ಸೋರುವುದೇಕೆ? ಬಿಳಿ ರಕ್ತಕಣಗಳ ಪಾತ್ರವೇನು?

ಮಳೆಗಾಲದಲ್ಲಿ ಜ್ವರದ ವಾರ್ಡಿನ ಹೊರಗೆ ಕುಳಿತವರು ಪರಸ್ಪರ ಕೇಳುವ ಪ್ರಶ್ನೆ ಒಂದೇ: ‘ಪ್ಲೇಟ್‌ಲೆಟ್ ಎಷ್ಟಿದೆ?’ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ 2024ರಲ್ಲೂ ಜನರ ಗಮನವೆಲ್ಲ ಆ ಒಂದು ಅಂಕಿಯ ಮೇಲೆಯೇ ಇತ್ತು. ಪಪ್ಪಾಯಿ ಎಲೆಯ ರಸ ಹಿಂಡಿದ್ದು, ಕಿವಿ ಹಣ್ಣಿಗೆ ದುಬಾರಿ ಬೆಲೆ ತೆತ್ತದ್ದು ಅದಕ್ಕಾಗಿಯೇ. ಆದರೆ ಡೆಂಗಿ ರೋಗಿ ಆಘಾತದ (ಶಾಕ್), ಅಂದರೆ ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿಗೆ ಜಾರುವುದು ಹೆಚ್ಚಾಗಿ ಬೇರೊಂದು ಕಾರಣಕ್ಕೆ. ರಕ್ತನಾಳದ ಗೋಡೆ ಸೋರತೊಡಗುತ್ತದೆ. ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೊಟ್ಟೆಯೊಳಕ್ಕೆ, ಶ್ವಾಸಕೋಶದ ಸುತ್ತಲಿನ ಪೊರೆಯೊಳಕ್ಕೆ ಇಳಿಯುತ್ತದೆ. ನಾಳದಲ್ಲಿ ಉಳಿದ ರಕ್ತ ಗಟ್ಟಿಯಾಗುತ್ತದೆ, ನಾಡಿ ಕ್ಷೀಣಿಸುತ್ತದೆ, ಕೈಕಾಲು ತಣ್ಣಗಾಗುತ್ತವೆ. ಇದರ ಸುಳಿವು ಸಿಗುವುದು ಅದೇ ರಕ್ತಪರೀಕ್ಷೆಯ ಕಾಗದದಲ್ಲಿ ಯಾರೂ ಕಣ್ಣು ಹಾಯಿಸದ ಪಿಸಿವಿ ಎಂಬ ಸಾಲಿನಲ್ಲಿ; ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟೆಂದು ಹೇಳುವ ಅಂಕಿ ಅದು. ಅದು ರೋಗಿಯ ಮೊದಲಿನ ಮಟ್ಟಕ್ಕಿಂತ ಶೇ 20ರಷ್ಟು ಏರಿತೆಂದರೆ ಪ್ಲಾಸ್ಮಾ ಗಣನೀಯವಾಗಿ ಸೋರಿದೆ ಎಂದು ವೈದ್ಯರು ತಿಳಿಯುತ್ತಾರೆ.

ಆ ಕಾಗದದಲ್ಲಿ ಇನ್ನೊಂದು ಸಾಲೂ ಇರುತ್ತದೆ: ಟೋಟಲ್ ಕೌಂಟ್, ಅಂದರೆ ಬಿಳಿ ರಕ್ತಕಣಗಳ ಒಟ್ಟು ಎಣಿಕೆ. ಡೆಂಗಿಯಲ್ಲಿ ಮೊದಲು ಈ ಎಣಿಕೆ ಕುಸಿಯುತ್ತದೆ, ಅದರ ಬೆನ್ನಿಗೆ ಪ್ಲೇಟ್‌ಲೆಟ್ ವೇಗವಾಗಿ ಇಳಿಯುತ್ತದೆ, ಸೋರಿಕೆ ಸಾಮಾನ್ಯವಾಗಿ ಆಮೇಲೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯಲ್ಲಿ ಈ ಕ್ರಮ ಸ್ಪಷ್ಟವಾಗಿದೆ. ಬ್ಯಾಕ್ಟೀರಿಯಾ ಸೋಂಕು ರಕ್ತಕ್ಕೇರಿದ ಸೆಪ್ಸಿಸ್‌ನಲ್ಲಿಯೂ ರಕ್ತನಾಳ ಸೋರುತ್ತದೆ. ಅಲ್ಲಿ ಟೋಟಲ್ ಕೌಂಟ್ ಬಹಳ ಸಲ ಮೇಲೇರಿರುತ್ತದೆ. ಒಂದೆಡೆ ಬಿಳಿ ಕಣ ಕಡಿಮೆಯಾಗಿ ಸೋರಿಕೆ, ಇನ್ನೊಂದೆಡೆ ಹೆಚ್ಚಾಗಿ ಸೋರಿಕೆ. ಹಾಗಾದರೆ ಬಿಳಿ ಕಣಕ್ಕೂ ಸೋರಿಕೆಗೂ ಇರುವ ಸಂಬಂಧವೇನು? ಒಂದೂವರೆ ಶತಮಾನದಿಂದ ಕೇಳುತ್ತಿರುವ ಈ ಪ್ರಶ್ನೆಗೆ ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಸಿಕ್ಕ ಉತ್ತರ ಹಳೆಯ ತಿಳಿವಳಿಕೆಯನ್ನು ಬುಡಮೇಲು ಮಾಡಿದೆ. ಬಿಳಿ ಕಣ ನಾಳದಿಂದ ಹೊರಬರುವುದು ಒಂದು ಪ್ರಕ್ರಿಯೆ, ಪ್ಲಾಸ್ಮಾ ಸೋರುವುದು ಬೇರೆಯೇ ಪ್ರಕ್ರಿಯೆ. ಇವೆರಡನ್ನೂ ಒಂದೇ ಎಂದು ಭಾವಿಸಿ ತಯಾರಿಸಿದ ಔಷಧಗಳು ಸೋತದ್ದು ಏಕೆಂದು ಈಗ ಅರ್ಥವಾಗುತ್ತಿದೆ.

ಮೊದಲು ನೋಡಿದವರ ಕಥೆಯಿಂದ ಶುರುಮಾಡಬೇಕು. 1867ರಲ್ಲಿ ಬರ್ಲಿನ್‌ನಲ್ಲಿ ಯೂಲಿಯಸ್ ಕೋನ್‌ಹೈಮ್ ಎಂಬ ಯುವ ವೈದ್ಯ ಜೀವಂತ ಕಪ್ಪೆಯ ಕರುಳಿಗೆ ಅಂಟಿದ ತೆಳುಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ ಗಂಟೆಗಟ್ಟಲೆ ನೋಡುತ್ತಾ ಕುಳಿತ. ಗಾಳಿಗೆ ಒಡ್ಡಿದ್ದರಿಂದಲೇ ಆ ಪೊರೆಯಲ್ಲಿ ಉರಿಯೂತ ಶುರುವಾಯಿತು. ಸಣ್ಣ ಸಿರೆಗಳಲ್ಲಿ ರಕ್ತದ ಓಟ ನಿಧಾನವಾಯಿತು. ನಡುವೆ ಹರಿಯುತ್ತಿದ್ದ ಬಿಳಿ ಕಣಗಳು ಅಂಚಿಗೆ ಸರಿದು ಗೋಡೆಗೆ ಅಂಟಿ ಸಾಲುಗಟ್ಟಿದವು. ಬಳಿಕ ಗೋಡೆಯ ಹೊರಮೈಯಲ್ಲಿ ಒಂದು ಪುಟ್ಟ ಗುಬುಟು ಕಾಣಿಸಿತು, ಅದು ಬೆಳೆಯಿತು, ಕೊನೆಗೆ ಇಡೀ ಕಣ ನಾಳದ ಆಚೆಗಿತ್ತು. ಕೀವಿನಲ್ಲಿರುವ ಕಣಗಳು ರಕ್ತದಿಂದಲೇ ಬಂದವು ಎಂದು ಇದರಿಂದ ಸಿದ್ಧವಾಯಿತು. ಅವು ಆಯಾ ಜಾಗದ ಅಂಗಾಂಶದಲ್ಲಿಯೇ ಹುಟ್ಟುತ್ತವೆ ಎಂದು ಅವನ ಗುರು ರುಡಾಲ್ಫ್ ವಿರ್ಕೋ ನಂಬಿದ್ದರು. ಗುರುವಿನ ಮತವನ್ನು ಕಣ್ಣಾರೆ ಕಂಡದ್ದರಿಂದ ತಿದ್ದಿದ ಆ ಪ್ರಯೋಗ ವೈದ್ಯವಿಜ್ಞಾನದ ಅತ್ಯಂತ ಸುಂದರ ಪ್ರಯೋಗಗಳಲ್ಲೊಂದು ಎಂದು ನನ್ನ ಭಾವನೆ.

ಕೋನ್‌ಹೈಮ್ ಕಂಡ ದೃಶ್ಯದಲ್ಲಿ ಕಣ ಹೊರಬರುವುದೂ ಪೊರೆ ಊದಿಕೊಳ್ಳುವುದೂ ಒಟ್ಟಿಗೇ ನಡೆಯುತ್ತಿತ್ತು. ಹೀಗಾಗಿ ಕಣ ಗೋಡೆಯಲ್ಲಿ ತೂತು ಮಾಡುತ್ತದೆ, ಆ ತೂತಿನಿಂದ ನೀರು ಸೋರುತ್ತದೆ ಎಂಬ ಚಿತ್ರ ಮನಸ್ಸಿನಲ್ಲಿ ನೆಲೆಗೊಳ್ಳುವುದು ಸಹಜ. ಸೊಳ್ಳೆ ಕಚ್ಚಿದ ಜಾಗವನ್ನು ಗಮನಿಸಿದರೆ ಈ ಚಿತ್ರ ಪೂರ್ತಿ ಸರಿಯಲ್ಲವೆಂದು ತಿಳಿಯುತ್ತದೆ. ಕೆಲವೇ ನಿಮಿಷಗಳಲ್ಲಿ ಅಲ್ಲಿ ದದ್ದು ಏಳುತ್ತದೆ. ಅಷ್ಟು ಬೇಗ ರಕ್ತದ ಬಿಳಿ ಕಣಗಳು ಅಲ್ಲಿಗೆ ಬಂದು ಹೊರನುಸುಳಿರುವುದಿಲ್ಲ. ಚರ್ಮದಲ್ಲಿ ಮೊದಲೇ ಠಿಕಾಣಿ ಹೂಡಿರುವ ಮಾಸ್ಟ್ ಕಣಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಉಗುಳುತ್ತವೆ, ಅದು ತಗುಲಿದ ಸಣ್ಣ ಸಿರೆ ಸೋರುತ್ತದೆ. 1961ರಲ್ಲಿ ನ್ಯೂಯಾರ್ಕ್‌ನಲ್ಲಿ ಗೈಡೊ ಮಾಯ್ನೊ ಮತ್ತು ಜಾರ್ಜ್ ಪಲಾಡೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಸೋರಿಕೆಯ ಜಾಗವನ್ನು ಹಿಡಿದರು. ಲೋಮನಾಳಗಳು ಮುಗಿದು ಸಿರೆಗಳು ಶುರುವಾಗುವಲ್ಲಿ ಕಿರುಸಿರೆಗಳಿವೆ. ಅವುಗಳ ಒಳಪದರದ ಒಂದು ಕಣಕ್ಕೂ ಪಕ್ಕದ ಕಣಕ್ಕೂ ನಡುವೆ ಸಂದು ಬಿಟ್ಟುಕೊಂಡಿತ್ತು. ಬಿಳಿ ಕಣಗಳು ಹೊರಬರುವ ಮುಖ್ಯ ಜಾಗವೂ ಇದೇ ಕಿರುಸಿರೆಗಳು ಎಂಬುದು ಗೊಂದಲಕ್ಕೆ ಇನ್ನಷ್ಟು ಎಡೆಮಾಡಿಕೊಟ್ಟಿತು.

ಹಾಗೆಂದು ರಕ್ತದ ಬಿಳಿ ಕಣಗಳು ನಿರಪರಾಧಿಗಳೇನಲ್ಲ. 1981ರಲ್ಲಿ ವೆಡ್‌ಮೋರ್ ಮತ್ತು ವಿಲಿಯಮ್ಸ್ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಮೊಲದ ಚರ್ಮದ ಪ್ರಯೋಗ ಇದಕ್ಕೆ ಗಟ್ಟಿ ಸಾಕ್ಷಿ. ಸೋರಿಕೆ ಉಂಟುಮಾಡುವ ವಸ್ತುಗಳಲ್ಲಿ ಎರಡು ಗುಂಪುಗಳಿವೆಯೆಂದು ಅವರು ತೋರಿಸಿದರು. ಹಿಸ್ಟಮಿನ್, ಬ್ರಾಡಿಕೈನಿನ್‌ಗಳು ನೇರವಾಗಿ ನಾಳದ ಗೋಡೆಯ ಮೇಲೆ ಕೆಲಸ ಮಾಡುತ್ತವೆ. ಸಿ5ಎ, ಲ್ಯೂಕೋಟ್ರೈಯೀನ್ ಬಿ4 ಮೊದಲಾದವು ಬಿಳಿ ಕಣಗಳನ್ನು ಕೂಗಿ ಕರೆಯುವ ವಸ್ತುಗಳು. ಮೊಲದ ರಕ್ತದಿಂದ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳನ್ನು ಇಲ್ಲವಾಗಿಸಿದಾಗ ಎರಡನೆಯ ಗುಂಪಿನ ವಸ್ತುಗಳಿಂದ ಸೋರಿಕೆ ಆಗಲೇ ಇಲ್ಲ. ಮೊದಲ ಗುಂಪಿನ ಸೋರಿಕೆ ಮಾತ್ರ ಎಂದಿನಂತೆ ನಡೆಯಿತು. ಅಂದರೆ ನ್ಯೂಟ್ರೊಫಿಲ್ ಗೋಡೆಗೆ ಬಂದು ಅಂಟಿದಾಗ ಏನೋ ಒಂದು ಸಂದೇಶ ಗೋಡೆಗೆ ಹೋಗುತ್ತದೆ.

ಆ ಸಂದೇಶಗಳಲ್ಲಿ ಒಂದನ್ನು 2001ರಲ್ಲಿ ಸ್ವೀಡನ್‌ನ ವಿಜ್ಞಾನಿಗಳು ಗುರುತಿಸಿದರು. ನ್ಯೂಟ್ರೊಫಿಲ್ ತನ್ನ ಮೈಮೇಲಿನ ಇಂಟೆಗ್ರಿನ್ ಎಂಬ ಕೊಂಡಿಗಳಿಂದ ನಾಳದ ಒಳಪದರವನ್ನು ಹಿಡಿದುಕೊಂಡ ಗಳಿಗೆಯಲ್ಲಿಯೇ ಹೆಪಾರಿನ್‌ಗೆ ಅಂಟುವ ಒಂದು ಪ್ರೋಟೀನನ್ನು ಹೊರಹಾಕುತ್ತದೆ. ಅದು ತಗುಲಿದೊಡನೆ ಒಳಪದರದ ಕಣಗಳು ಒಳಗಿನಿಂದ ಮುದುಡಿಕೊಳ್ಳುತ್ತವೆ, ನಡುವಿನ ಸಂದು ತೆರೆದುಕೊಳ್ಳುತ್ತದೆ. ನ್ಯೂಟ್ರೊಫಿಲ್ ಇನ್ನೂ ನಾಳದ ಒಳಗೇ ಇದೆ, ಸೋರಿಕೆ ಆಗಲೇ ಶುರುವಾಗಿದೆ. ಸೆಪ್ಸಿಸ್ ರೋಗಿಗಳ ರಕ್ತದಲ್ಲಿ ಈ ಪ್ರೋಟೀನಿನ ಮಟ್ಟ ಅಳೆದರೆ ರಕ್ತದೊತ್ತಡ ಕುಸಿಯುವುದಕ್ಕೆ ಕೆಲವು ಗಂಟೆ ಮೊದಲೇ ಅದು ಏರಿರುವುದುಂಟು ಎಂದು 2009ರಲ್ಲಿ ಸ್ವೀಡನ್‌ನದೇ ಇನ್ನೊಂದು ತಂಡ ವರದಿ ಮಾಡಿತು. ಲಂಡನ್‌ನ ಸುಸಾನ್ ನೂರ್‌ಶರ್ಗ್ ಅವರ ತಂಡ 2014ರಲ್ಲಿ ಇನ್ನೊಂದು ಸಂದೇಶವನ್ನು ತೋರಿಸಿತು: ನ್ಯೂಟ್ರೊಫಿಲ್‌ಗಳೇ ಸ್ರವಿಸುವ, ಉರಿಯೂತವನ್ನು ಕೆರಳಿಸುವ ಟಿಎನ್‌ಎಫ್ ಎಂಬ ಪ್ರೋಟೀನು. ಇವುಗಳ ಜೊತೆಗೆ ಆಮ್ಲಜನಕದ ಉಗ್ರ ರೂಪಗಳು, ಇಲಾಸ್ಟೇಸ್ ಮುಂತಾದ ಕತ್ತರಿಸುವ ಕಿಣ್ವಗಳು, 2004ರಲ್ಲಿ ಬೆಳಕಿಗೆ ಬಂದ ಡಿಎನ್‌ಎ ಬಲೆಗಳು ಕೂಡ ಇವೆ. ಸೂಕ್ಷ್ಮಜೀವಿಗಳನ್ನು ಹಿಡಿಯಲೆಂದು ನ್ಯೂಟ್ರೊಫಿಲ್ ತನ್ನ ಡಿಎನ್‌ಎಯನ್ನೇ ಹೊರಚೆಲ್ಲಿ ಈ ಬಲೆ ಬೀಸುತ್ತದೆ. ಬಲೆಯಲ್ಲಿರುವ ಹಿಸ್ಟೋನ್ ಪ್ರೋಟೀನುಗಳು ನಾಳದ ಒಳಪದರಕ್ಕೂ ವಿಷ.

ಇಷ್ಟೆಲ್ಲ ಅಸ್ತ್ರಗಳಿದ್ದೂ ಮಾಮೂಲಿ ಗಾಯದಲ್ಲಿ, ಗಂಟಲು ನೋವಿನಲ್ಲಿ, ಒಂದು ಕುರುವಿನಲ್ಲಿ ಲಕ್ಷಾಂತರ ನ್ಯೂಟ್ರೊಫಿಲ್‌ಗಳು ನಾಳ ದಾಟಿ ಬಂದರೂ ನಾವು ಆಘಾತಕ್ಕೆ ಒಳಗಾಗುವುದಿಲ್ಲ. ಏಕೆ? ಅಳತೆಗಳನ್ನು ನೋಡಿದರೆ ಈ ಪ್ರಶ್ನೆಯ ಗಾಂಭೀರ್ಯ ತಿಳಿಯುತ್ತದೆ. ಪ್ಲಾಸ್ಮಾದ ಮುಖ್ಯ ಪ್ರೋಟೀನಾದ ಅಲ್ಬುಮಿನ್‌ನ ಒಂದು ಅಣು ಸುಮಾರು 7 ನ್ಯಾನೊಮೀಟರ್ ಇರುತ್ತದೆ. ನ್ಯೂಟ್ರೊಫಿಲ್ ಸುಮಾರು 10 ಮೈಕ್ರೊಮೀಟರ್, ಎಂದರೆ ಅಲ್ಬುಮಿನ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ದಪ್ಪ. ಅಷ್ಟು ದೊಡ್ಡ ಕಣ ನುಸುಳಿ ಹೋಗುವಾಗ ಇಷ್ಟು ಸಣ್ಣ ಅಣು ಒಳಗೇ ಉಳಿಯಬೇಕು. ಗೋಡೆ ಅದನ್ನು ಸಾಧಿಸುತ್ತದೆ.

ಹೇಗೆಂಬುದನ್ನು ಬಿಡಿಸಿದ ಕೆಲಸಗಳಲ್ಲಿ ಎರಡು ನನಗೆ ಬಹಳ ಮುಖ್ಯವೆನಿಸುತ್ತವೆ. ಮೊದಲನೆಯದು ಜರ್ಮನಿಯ ಮ್ಯೂನ್‌ಸ್ಟರ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಡೀಟ್ಮಾರ್ ವೆಸ್ಟ್‌ವೇಬರ್ ಅವರ ತಂಡದ್ದು. ನಾಳದ ಒಳಪದರದ ಕಣಗಳನ್ನು ಒಂದಕ್ಕೊಂದು ಕೂಡಿಸಿರುವ ಹೊಲಿಗೆಯಂಥ ಪ್ರೋಟೀನಿನ ಹೆಸರು ವಿಇ-ಕ್ಯಾಡ್‌ಹೆರಿನ್. ಈ ಪ್ರೋಟೀನು ಬಿಚ್ಚಿಕೊಳ್ಳಲಾಗದಂತೆ ಇಲಿಗಳಲ್ಲಿ ಬೆಸೆದುಬಿಟ್ಟಾಗ, ಹಿಸ್ಟಮಿನ್‌ನಿಂದಾಗುವ ಸೋರಿಕೆ ನಿಂತಿತು. ಚರ್ಮ, ಶ್ವಾಸಕೋಶಗಳಿಗೆ ಬಿಳಿ ಕಣ ಬರುವುದೂ ಬಹಳ ತಗ್ಗಿತು. ಇದು 2011ರ ಮಾತು. ಇಲ್ಲಿಗೇ ನಿಂತಿದ್ದರೆ ಎರಡೂ ಒಂದೇ ಎಂಬ ಹಳೆಯ ಮತವೇ ಗೆಲ್ಲುತ್ತಿತ್ತು. ಆದರೆ 2014ರಲ್ಲಿ ಅದೇ ತಂಡ ಇನ್ನೂ ನಯವಾದ ಪ್ರಯೋಗ ಮಾಡಿತು. ಆ ಪ್ರೋಟೀನಿನ ಉದ್ದಕ್ಕೂ ಪೋಣಿಸಿರುವ ಅಮೈನೊ ಆಮ್ಲಗಳಲ್ಲಿ 685ನೆಯ ಸ್ಥಾನದ ಟೈರೋಸಿನ್ ಒಂದನ್ನೇ ಬದಲಿಸಿದಾಗ ಸೋರಿಕೆ ತಗ್ಗಿತು, ಬಿಳಿ ಕಣಗಳ ಸಂಚಾರ ಹಾಗೇ ಇತ್ತು. 731ನೆಯ ಸ್ಥಾನದ್ದನ್ನು ಬದಲಿಸಿದಾಗ ಬಿಳಿ ಕಣಗಳು ದಾಟುವುದು ತಗ್ಗಿತು, ಸೋರಿಕೆ ಹಾಗೇ ಇತ್ತು. ಒಂದೇ ಪ್ರೋಟೀನು, ಎರಡು ಸ್ವಿಚ್ಚು. ಬಿಳಿ ಕಣಕ್ಕೆ ದಾರಿ ಬಿಡುವುದೂ ಪ್ಲಾಸ್ಮಾಕ್ಕೆ ದಾರಿ ಬಿಡುವುದೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ.

ಎರಡನೆಯದು ಆಮ್‌ಸ್ಟರ್‌ಡ್ಯಾಮ್‌ನ ಯಾಪ್ ವಾನ್ ಬೂಲ್ ಅವರ ತಂಡ 2016ರಲ್ಲಿ ಪ್ರಕಟಿಸಿದ್ದು. ನ್ಯೂಟ್ರೊಫಿಲ್ ಸಂದಿನಲ್ಲಿ ನುಗ್ಗುವಾಗ ಒಳಪದರದ ಕಣ ಸುಮ್ಮನಿರುವುದಿಲ್ಲ. ನುಸುಳುತ್ತಿರುವ ಕಣದ ಸೊಂಟದ ಸುತ್ತ ಆಕ್ಟಿನ್ ಎಳೆಗಳ ಉಂಗುರವೊಂದನ್ನು ಕಟ್ಟಿ ಬಿಗಿ ಹಿಡಿಯುತ್ತದೆ. ಕಣ ದಾಟಿದಂತೆ ಉಂಗುರ ಕಿರಿದಾಗುತ್ತದೆ, ಬಾಲ ಹೊರಬಿದ್ದೊಡನೆ ಮುಚ್ಚಿಕೊಳ್ಳುತ್ತದೆ. ಉಂಗುರವನ್ನು ಬಿಗಿಯುವ ರೋ-ಎ ಎಂಬ ಪ್ರೋಟೀನನ್ನು ತಡೆದಾಗ ದಾಟುವ ನ್ಯೂಟ್ರೊಫಿಲ್‌ಗಳ ಸಂಖ್ಯೆ ಬದಲಾಗಲಿಲ್ಲ. ಆದರೆ ಪ್ರತಿ ದಾಟುವಿಕೆಯ ಜೊತೆ ಸೋರಿಕೆ ಹೆಚ್ಚಿತು.

ಬಿಳಿ ಕಣಗಳು ಸೋರಿಕೆಯನ್ನು ತಡೆಯುವುದೂ ಉಂಟು. ಚುರುಕಾದ ನ್ಯೂಟ್ರೊಫಿಲ್ ಬಿಡುವ ಎಎಂಪಿ ಎಂಬ ಅಣುವನ್ನು ನಾಳದ ಒಳಪದರ ಅಡಿನೊಸಿನ್ ಆಗಿ ಪರಿವರ್ತಿಸಿಕೊಂಡು, ಅದನ್ನೇ ಸೂಚನೆಯಾಗಿ ಪಡೆದು ತನ್ನ ಸಂದುಗಳನ್ನು ಬಿಗಿಗೊಳಿಸುತ್ತದೆ. ಬಾಸ್ಟನ್‌ನ ಸಂಶೋಧಕರು ಇದನ್ನು 1998ರಲ್ಲೇ ತೋರಿಸಿದ್ದರು. ಸೋರಿಕೆಯ ಗದ್ದಲದಲ್ಲಿ ಈ ಅಂಶಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ ಎಂದೇ ನನಗೆ ಅನ್ನಿಸುತ್ತದೆ.

ಇಲ್ಲಿಗೆ ಪ್ಲೇಟ್‌ಲೆಟ್‌ಗಳು ಬರುತ್ತವೆ. ಬಾಸ್ಟನ್‌ನ ಡೆನಿಸಾ ವಾಗ್ನರ್ ಅವರ ತಂಡ 2008ರಲ್ಲಿ ಕಂಡದ್ದಿದು: ಪ್ಲೇಟ್‌ಲೆಟ್‌ಗಳನ್ನು ತೆಗೆದುಹಾಕಿದ ಇಲಿಗಳಲ್ಲಿ ಆರೋಗ್ಯವಂತ ಚರ್ಮದಿಂದ ರಕ್ತ ಸೋರುವುದಿಲ್ಲ, ಉರಿಯೂತವಿರುವ ಚರ್ಮದಲ್ಲಿ ಮಾತ್ರ ಸೋರುತ್ತದೆ. ಮುಂದಿನ ಅಧ್ಯಯನಗಳು ಕಾರಣವನ್ನು ತೋರಿಸಿದವು. ನ್ಯೂಟ್ರೊಫಿಲ್ ದಾಟಿದ ಜಾಗಕ್ಕೆ ಒಂಟಿ ಪ್ಲೇಟ್‌ಲೆಟ್‌ಗಳು ಬಂದು ಕೂತು ಅದನ್ನು ಮುಚ್ಚುತ್ತವೆ. ನ್ಯೂಟ್ರೊಫಿಲ್ ದಾಟುವುದನ್ನೇ ತಡೆದರೆ ಪ್ಲೇಟ್‌ಲೆಟ್ ಇಲ್ಲದಿದ್ದರೂ ಇಲಿಯ ಚರ್ಮದಲ್ಲಿ ರಕ್ತಸ್ರಾವ ಆಗುವುದಿಲ್ಲ. ಹಾಗಾಗಿ ಪ್ಲೇಟ್‌ಲೆಟ್‌ಗಳ ಎಣಿಕೆಯಷ್ಟೇ ಇಟ್ಟುಕೊಂಡು ಅಪಾಯವನ್ನು ಅಳೆಯಲು ಬರುವುದಿಲ್ಲ. ಅವು ಮುಚ್ಚಬೇಕಾದ ಬಿರುಕುಗಳು ಎಷ್ಟಿವೆ ಎಂಬುದೂ ಮುಖ್ಯ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ ಪ್ಲೇಟ್‌ಲೆಟ್ 20,000ಕ್ಕೆ ಇಳಿದಿದ್ದ ವಯಸ್ಕ ಡೆಂಗಿ ರೋಗಿಗಳಿಗೆ ಮುಂಜಾಗ್ರತೆಯಾಗಿ ಪ್ಲೇಟ್‌ಲೆಟ್ ಏರಿಸಿ ನೋಡಿದ ಪ್ರಯೋಗದ ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ರಕ್ತಸ್ರಾವ ತಪ್ಪಿಸುವಲ್ಲಿ ಅದರಿಂದ ಪ್ರಯೋಜನ ಆಗಿರಲಿಲ್ಲ. ಇದನ್ನು ತಿಳಿದಿದ್ದೂ ರಕ್ತನಿಧಿಯ ಮುಂದೆ ರಾತ್ರಿಯೆಲ್ಲ ಕಾಯುವ ಮನೆಯವರನ್ನು ದೂರಲಾಗದು. ಅವರ ಕೈಗೆ ಸಿಕ್ಕಿರುವುದು ಆ ಒಂದು ಅಂಕಿ ಮಾತ್ರ. ಪಿಸಿವಿ ಏನು ಹೇಳುತ್ತಿದೆ ಎಂದು ಅವರಿಗೆ ಬಿಡಿಸಿ ಹೇಳುವ ಹೊಣೆ ವೈದ್ಯರದು, ಬರೆಯುವವರದು.

ಈಗ ಡೆಂಗಿಯ ಒಗಟಿಗೆ ಉತ್ತರ ಹುಡುಕಬಹುದು. ಡೆಂಗಿಯಲ್ಲಿ ತೀರಿಕೊಂಡವರ ಅಂಗಾಂಶಗಳನ್ನು ಪರೀಕ್ಷಿಸಿದಾಗ ನಾಳದ ಗೋಡೆ ಹರಿದುಹೋದ ಗುರುತು ಕಡಿಮೆ, ಅಲ್ಲಿ ಗುಂಪುಗೂಡಿದ ಬಿಳಿ ಕಣಗಳೂ ಕಡಿಮೆ. ಬದುಕಿ ಉಳಿದವರಲ್ಲಿ ಸೋರಿಕೆ 24ರಿಂದ 48 ಗಂಟೆಗಳಲ್ಲಿ ತಾನಾಗಿ ನಿಲ್ಲುತ್ತದೆ. ಹರಿದ ಗೋಡೆ ಅಷ್ಟು ಬೇಗ ಕೂಡಿಕೊಳ್ಳಲಾರದು. ಇದು ತೆರೆದು ಮುಚ್ಚಿದ ಗೋಡೆ. ವೈರಸ್ ಮುಖ್ಯವಾಗಿ ಹೊಕ್ಕು ಬೆಳೆಯುವುದು ಮಾನೊಸೈಟ್ ಮೊದಲಾದ ಬಿಳಿ ಕಣಗಳಲ್ಲಿ. ಹಿಂದೊಮ್ಮೆ ಬೇರೆ ಬಗೆಯ ಡೆಂಗಿ ಬಂದಿದ್ದರೆ ಆಗ ಹುಟ್ಟಿದ ಪ್ರತಿಕಾಯಗಳು ವೈರಸ್ಸನ್ನು ಈ ಕಣಗಳೊಳಗೆ ಇನ್ನೂ ಸುಲಭವಾಗಿ ಸೇರಿಸಬಲ್ಲವು. ಸೋಂಕಿತ ಕಣಗಳು ರಕ್ತಕ್ಕೆ ಬಿಡುವ ವೈರಸ್‌ನ ಎನ್‌ಎಸ್1 ಪ್ರೋಟೀನು ಮಾನೊಸೈಟ್‌ಗಳನ್ನು ಕೆರಳಿಸಿ ಟಿಎನ್‌ಎಫ್‌ನಂಥ ರಾಸಾಯನಿಕಗಳನ್ನು ಬಿಡಿಸುತ್ತದೆ, ಜೊತೆಗೆ ನಾಳದ ಒಳಮೈಗೆ ಹೊದಿಸಿದ ಸಕ್ಕರೆಯಂಶದ ತೆಳುಪದರವನ್ನು ತಾನೇ ಸವೆಸುತ್ತದೆ. ಮಾಸ್ಟ್ ಕಣಗಳೂ ಕೈಜೋಡಿಸುತ್ತವೆ. ಬಿಳಿ ಕಣ ಹೊರಗೆ ಕಾಲಿಡದೆಯೇ ದೂರದಿಂದ ಗೋಡೆಯನ್ನು ತೆರೆಸಿದ ಉದಾಹರಣೆ ಇದು. ಟೋಟಲ್ ಕೌಂಟ್ ಕಡಿಮೆ ಇದ್ದರೂ ಸೋರಿಕೆ ಆಗುವುದು ಹೀಗೆ.

ಚಿಕಿತ್ಸೆಯ ಸೂಕ್ಷ್ಮವೂ ಇಲ್ಲಿಯೇ ಇದೆ. ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ, ಸೋರಿಕೆ ಶುರುವಾಗುತ್ತದೆ. ಜ್ವರ ಬಿಟ್ಟಿತೆಂದು ಮನೆಯವರು ನಿಟ್ಟುಸಿರುಬಿಡುವ ಗಳಿಗೆಯೇ ಎಚ್ಚರದ ಗಳಿಗೆ. ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು ಕಂಡರೆ ಮನೆಯಲ್ಲಿ ಕಾಯುತ್ತಾ ಕೂರಬಾರದು. ಆಸ್ಪತ್ರೆಯಲ್ಲಿ ಕೊಡುವ ಡ್ರಿಪ್ ಕೂಡ ಪಿಸಿವಿ ನೋಡಿಕೊಂಡು ಅಳೆದು ಕೊಡಬೇಕಾದದ್ದು. ಸೋರಿಕೆ ನಿಂತ ಮೇಲೆ ಹೊರಹೋದ ದ್ರವವೆಲ್ಲ ನಾಳಕ್ಕೆ ಮರಳುತ್ತದೆ. ಅತಿಯಾಗಿ ಕೊಟ್ಟಿದ್ದರೆ ಆಗ ಶ್ವಾಸಕೋಶದಲ್ಲಿ ನೀರು ತುಂಬಿ ಬೇರೆಯೇ ಅಪಾಯ.

ಇದಕ್ಕೆ ವಿರುದ್ಧ ತುದಿಯಲ್ಲಿದೆ ಎಆರ್‌ಡಿಎಸ್. ಅಮೆರಿಕದ ಡೆನ್ವರ್‌ನ ವೈದ್ಯರು 1967ರಲ್ಲಿ 12 ರೋಗಿಗಳ ವಿವರದೊಂದಿಗೆ ಮೊದಲು ವರ್ಣಿಸಿದ, ಕೋವಿಡ್ ಕಾಲದಲ್ಲಿ ಮನೆಮಾತಾದ ಶ್ವಾಸಕೋಶದ ಸ್ಥಿತಿ ಇದು. ಇಲ್ಲಿ ಗಾಳಿಗೂಡುಗಳೊಳಗೆ ಪ್ರೋಟೀನು ತುಂಬಿದ ದ್ರವ, ಅದರಲ್ಲಿ ನ್ಯೂಟ್ರೊಫಿಲ್‌ಗಳ ದಂಡು. ದಾಟುವುದೂ ಸೋರುವುದೂ ಎರಡೂ ಹತೋಟಿ ತಪ್ಪಿವೆ. ಆದರೂ ನ್ಯೂಟ್ರೊಫಿಲ್ ತೀರಾ ಕಡಿಮೆಯಿರುವ ಕ್ಯಾನ್ಸರ್ ರೋಗಿಗಳಿಗೂ ಎಆರ್‌ಡಿಎಸ್ ಬರುತ್ತದೆ. ಅಂದರೆ ಎಲ್ಲ ಹೊಣೆಯನ್ನೂ ಈ ಕಣದ ತಲೆಗೆ ಕಟ್ಟುವಂತಿಲ್ಲ.

ಸೋರಿಕೆ ತಾನೇ ಬಿಳಿ ಕಣಗಳ ದಾರಿ ತಪ್ಪಿಸುತ್ತದೆ ಎಂಬುದು ಇತ್ತೀಚಿನ ಬೆರಗು. ನೂರ್‌ಶರ್ಗ್ ಅವರ ತಂಡ 2020ರಲ್ಲಿ ಇಲಿಗಳಲ್ಲಿ ತೋರಿಸಿದಂತೆ, ನಾಳ ಅತಿಯಾಗಿ ಸೋರುವಾಗ ಅಂಗಾಂಶದಲ್ಲಿದ್ದ ಕರೆಯುವ ರಾಸಾಯನಿಕಗಳು ಹಿಮ್ಮುಖವಾಗಿ ರಕ್ತಕ್ಕೆ ಸೇರುತ್ತವೆ. ಅರ್ಧ ದಾರಿ ದಾಟಿದ್ದ ನ್ಯೂಟ್ರೊಫಿಲ್‌ಗಳು ಆ ಕರೆಯನ್ನು ಹಿಂಬಾಲಿಸಿ ಮರಳಿ ನಾಳದೊಳಕ್ಕೆ ಬರುತ್ತವೆ. ಹೀಗೆ ಕೆರಳಿದ ಸ್ಥಿತಿಯಲ್ಲಿಯೇ ಶ್ವಾಸಕೋಶಕ್ಕೆ ತಲುಪಿ ಅಲ್ಲಿ ಹಾನಿ ಮಾಡುತ್ತವೆ. ದೇಹದ ಒಂದು ಭಾಗಕ್ಕೆ ಪೆಟ್ಟಾದರೆ ದೂರದ ಶ್ವಾಸಕೋಶ ಏಕೆ ಕೆಡುತ್ತದೆ ಎಂಬ ಹಳೆಯ ಪ್ರಶ್ನೆಗೆ ಇದು ಒಂದು ಉತ್ತರವಾಗಬಹುದು.

ಔಷಧಗಳ ಇತಿಹಾಸ ನೋವಿನದು. ಬಿಳಿ ಕಣ ಗೋಡೆಗೆ ಅಂಟದಂತೆ ತಡೆದರೆ ಸಾಕೆಂದು ಮಾಡಿದ ಪ್ರಯತ್ನಗಳಲ್ಲಿ ಎನ್ಲಿಮೊಮ್ಯಾಬ್ ಒಂದು. ಪಾರ್ಶ್ವವಾಯು ರೋಗಿಗಳಲ್ಲಿ ಅದರ ಪ್ರಯೋಗದ ಫಲಿತಾಂಶ 2001ರಲ್ಲಿ ಬಂದಾಗ ಔಷಧ ಪಡೆದವರ ಸ್ಥಿತಿಯೇ ಕೆಟ್ಟದಾಗಿತ್ತು. ಸೋರಿಯಾಸಿಸ್‌ಗೆ ಕೊಡುತ್ತಿದ್ದ ಎಫಲಿಜುಮ್ಯಾಬ್ ಮಿದುಳಿನ ಮಾರಕ ವೈರಸ್ ಸೋಂಕಿಗೆ ದಾರಿಮಾಡಿದ್ದರಿಂದ 2009ರಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು. ಇಂಥ ಅಪಾಯವನ್ನು ಪ್ರಕೃತಿಯೇ ಮೊದಲು ತೋರಿಸಿತ್ತು. ಅಪರೂಪದ ಆನುವಂಶಿಕ ದೋಷದಿಂದ ಕೆಲವು ಶಿಶುಗಳು ಇಂಟೆಗ್ರಿನ್ ಕೊಂಡಿಗಳಿಲ್ಲದೆ ಹುಟ್ಟುತ್ತವೆ. ಅವರ ರಕ್ತದಲ್ಲಿ ಬಿಳಿ ಕಣಗಳು ಬೇಕಾದಷ್ಟಿವೆ, ಹೊರಬರಲು ಆಗುವುದಿಲ್ಲ. ಹೊಕ್ಕುಳಬಳ್ಳಿ ವಾರಗಟ್ಟಲೆ ಉದುರುವುದಿಲ್ಲ, ಸೋಂಕಾದರೂ ಕೀವು ಕಟ್ಟುವುದಿಲ್ಲ, ಒಂದರ ಹಿಂದೊಂದು ಸೋಂಕು ಬಿಡುವುದಿಲ್ಲ. ಬಿಳಿ ಕಣಗಳನ್ನು ಒಳಗೇ ಕೂಡಿಹಾಕುವುದು ಚಿಕಿತ್ಸೆಯಾಗಲಾರದು ಎಂಬುದಕ್ಕೆ ಆ ಶಿಶುಗಳ ಸಂಕಟಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಹಾಗಾಗಿ ಈಗ ಗಮನ ಗೋಡೆಯ ಕಡೆಗೆ ತಿರುಗಿದೆ: ಬಿಳಿ ಕಣಗಳಿಗೆ ದಾರಿ ಬಿಟ್ಟು, ಪ್ಲಾಸ್ಮಾವನ್ನು ಹಿಡಿದಿಡುವುದು. ರಕ್ತದ ಕ್ಯಾನ್ಸರಿಗೆ ಕೊಡುವ ಇಮ್ಯಾಟಿನಿಬ್ ಮಾತ್ರೆ ಒಳಪದರದ ಸಂದುಗಳನ್ನು ಬಿಗಿಗೊಳಿಸುತ್ತದೆಂದು ಆಮ್‌ಸ್ಟರ್‌ಡ್ಯಾಮ್‌ನ ಪ್ರಯೋಗಾಲಯಗಳಲ್ಲಿ ಗೊತ್ತಾಗಿತ್ತು. ನಮ್ಮಲ್ಲಿ ಇದು ಜನರಿಕ್ ರೂಪದಲ್ಲಿ ಸಿಗುತ್ತದೆ, ಫಲಿಸಿದ್ದರೆ ಜಿಲ್ಲಾ ಆಸ್ಪತ್ರೆಗೂ ಎಟುಕುತ್ತಿತ್ತು. ನೆದರ್ಲೆಂಡ್ಸ್‌ನಲ್ಲಿ ಆಮ್ಲಜನಕ ಬೇಕಾಗಿದ್ದ ಕೋವಿಡ್ ರೋಗಿಗಳಿಗೆ ಕೊಟ್ಟು ನೋಡಿದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಆಮ್ಲಜನಕ ಬಿಡಿಸಲು ಬೇಕಾದ ಅವಧಿ ಕಡಿಮೆಯಾಗಲಿಲ್ಲ. ಸಾವು ಕಡಿಮೆ ಕಂಡಿತಾದರೂ ಅದನ್ನು ಔಷಧದ ಫಲವೆಂದು ಖಚಿತವಾಗಿ ಹೇಳಲಾಗಲಿಲ್ಲ. ಕೋವಿಡ್‌ನಲ್ಲಿ ಜೀವ ಉಳಿಸಿದ್ದು ಅಗ್ಗದ ಡೆಕ್ಸಾಮೆಥಸೋನ್. ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಅದು ಸುಮಾರು ಮೂರನೆಯ ಒಂದರಷ್ಟು ತಗ್ಗಿಸಿತು. ಅದು ಬಿಳಿ ಕಣ, ಗೋಡೆ, ರಾಸಾಯನಿಕ ಎಲ್ಲವನ್ನೂ ಒಟ್ಟಿಗೆ ತಣ್ಣಗಾಗಿಸುವ ಹಳೆಯ ಸ್ಟೀರಾಯ್ಡ್.

ಇಮ್ಯಾಟಿನಿಬ್ ಪ್ರಯೋಗದಿಂದ ಗೋಡೆಯನ್ನು ಬಿಗಿಗೊಳಿಸುವ ವಿಚಾರವೇ ಬಿದ್ದುಹೋಯಿತೆಂದು ನಾನು ಭಾವಿಸುವುದಿಲ್ಲ. ಆ ಪ್ರಯೋಗಕ್ಕೆ ರೋಗಿಗಳನ್ನು ಆರಿಸಿದ್ದು ಕೋವಿಡ್ ಇದೆಯೇ, ಆಮ್ಲಜನಕ ಬೇಕೇ ಎಂದು ನೋಡಿ. ಅವರ ನಾಳಗಳು ಆ ಹೊತ್ತಿನಲ್ಲಿ ಎಷ್ಟು ಸೋರುತ್ತಿವೆ ಎಂದು ಅಳೆದಲ್ಲ. ಸೋರಿಕೆ ಮುಗಿದ ಮೇಲೆ ಕೊಟ್ಟ ಔಷಧ ಎಷ್ಟೇ ಒಳ್ಳೆಯದಾದರೂ ಕೆಲಸ ಮಾಡಲಾರದು. ಹೆಪಾರಿನ್‌ಗೆ ಅಂಟುವ ಪ್ರೋಟೀನಿನಂಥ ಸೂಚಕವನ್ನು ರಕ್ತದಲ್ಲಿ ಅಳೆದು, ಯಾರ ನ್ಯೂಟ್ರೊಫಿಲ್‌ಗಳು ಈಗ ಗೋಡೆಯನ್ನು ತೆರೆಸುತ್ತಿವೆಯೋ ಅಂಥವರನ್ನಷ್ಟೇ ಆರಿಸಿಕೊಂಡು ಮೊದಲ ಗಂಟೆಗಳಲ್ಲಿಯೇ ಔಷಧ ಕೊಟ್ಟು ನೋಡುವ ಪ್ರಯೋಗ ಆಗಬೇಕು.